ಶ್ರೀ ಎಸ್. ನಿಜಲಿಂಗಪ್ಪನವರು ಮತ್ತು ಪಾನನಿರೋಧ

ಕನ್ನಡ ನಾಡಿನ ಏಕೀಕರಣಕ್ಕಾಗಿ ದುಡಿದ ಮಹನೀಯರಲ್ಲಿ ಸಿದ್ದವ್ವನಹಳ್ಳಿ ನಿಜಲಿಂಗಪ್ಪನವರದು ಮೊದಲ ಸಾಲಿನ ಹೆಸರು. 1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳು ಅವರು. ಸಂವಿಧಾನ ರಚನಾ ಸಭೆಯ ಸದಸ್ಯರು. ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷಪದವಿಯನ್ನು ಅಲಂಕರಿಸಿದವರು. ಇವೆಲ್ಲವೂ ಶಾಲಾಬಾಲಕರೂ ಬಲ್ಲ ಸಂಗತಿಗಳು. ಆದರೆ ಅವರ ಬಾಳಿನುದ್ದಕ್ಕೂ ಹಾದುಬಂದ ಇನ್ನೊಂದು ಎಳೆಯಿದೆ; ಅದನ್ನು ಸ್ಮರಿಸುವವರು ವಿರಳ. ಮೂವತ್ತಾರನೆಯ ವಯಸ್ಸಿನಲ್ಲಿ ಹೆಂಡದ ಮರಗಳಿಗೆ ಕೊಡಲಿಯಿಕ್ಕಿ ಸೆರೆಮನೆ ಸೇರಿದವರು ಅವರು. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ರಾಜ್ಯದ ಪಾನನಿರೋಧವನ್ನು ತೆಗೆದುಹಾಕಿದ ಸರ್ಕಾರದ ಮುಖ್ಯಸ್ಥರೂ ಅವರೇ. ಈ ಎರಡು ಘಟನೆಗಳ ನಡುವಿನ ಇಪ್ಪತ್ತೆಂಟು ವರ್ಷಗಳು ಒಬ್ಬ ವ್ಯಕ್ತಿಯ ಚರಿತ್ರೆ ಮಾತ್ರವಲ್ಲ, ಒಂದು ವ್ರತವು ಕಾನೂನಾಗಿ, ಆ ಕಾನೂನು ಸೋತ ಚರಿತ್ರೆಯೂ ಹೌದು.

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಅಂದಿನ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ ಒಂದು ಸಾಧಾರಣ ಲಿಂಗಾಯತ ಮನೆತನದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯವರನ್ನು ಕಳೆದುಕೊಂಡ ಬಾಲಕನ ಪೋಷಣೆಯ ಭಾರ ತಾಯಿ ನೀಲಮ್ಮನವರ ಮೇಲೆ ಬಿದ್ದಿತು. ಹಳೆಯ ಪದ್ಧತಿಯ ಉಪಾಧ್ಯಾಯರಾದ ವೀರಪ್ಪ ಮಾಸ್ತರರಲ್ಲಿ ಅಕ್ಷರಾಭ್ಯಾಸ, ದಾವಣಗೆರೆ ಚಿತ್ರದುರ್ಗಗಳಲ್ಲಿ ಶಾಲೆ, 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಪದವಿ, 1926ರಲ್ಲಿ ಪುಣೆಯಿಂದ ಕಾನೂನು ಪದವಿ. ಹೀಗೆ ವಿದ್ಯಾಭ್ಯಾಸ ಮುಗಿಯಿತು. ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿ ಬೇಗನೆಯೇ ಹೆಸರು ಮಾಡಿದರು.

ಅವರು ಬೆಳೆದ ಧಾರ್ಮಿಕ ವಾತಾವರಣದಲ್ಲಿ ಮದ್ಯಕ್ಕೆ ಸ್ಥಾನವಿರಲಿಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ದೇಹವೇ ದೇವಾಲಯ. ದೇವಾಲಯದೊಳಗೆ ಮದ್ಯವನ್ನು ಸುರಿಯುವುದೆಂತು ಎಂಬ ವಿವೇಕವು ಲಿಂಗಾಯತ ಮನೆಗಳಲ್ಲಿ ಉಪದೇಶವಾಗಿ ಅಲ್ಲ, ಅಡಿಗೆಮನೆಯ ಆಚಾರವಾಗಿಯೇ ಮಕ್ಕಳಿಗೆ ಬರುತ್ತಿತ್ತು. ಪಂಚಾಚಾರಗಳಲ್ಲಿ ಸದಾಚಾರವು ನಡತೆಯ ಶುದ್ಧಿಯೊಡನೆ ಗಳಿಕೆಯ ಶುದ್ಧಿಯನ್ನೂ ಕೇಳುತ್ತದೆ. ಆದುದರಿಂದ ಕುಡಿತದಂತೆಯೇ ಕುಡಿತದಿಂದ ಬರುವ ಹಣವೂ ಪ್ರಶ್ನೆಗೆ ಒಳಗಾಗುತ್ತದೆ. ಮುಂದೆ ಸರ್ಕಾರದ ಬೊಕ್ಕಸದ ಮಾತು ಬಂದಾಗ ಈ ಅಂಶವು ಮುಖ್ಯವಾಗುತ್ತದೆ.

ಇಲ್ಲಿ ಹನ್ನೆರಡನೆಯ ಶತಮಾನದ ಒಬ್ಬ ಶರಣನನ್ನು ನೆನೆಯುವುದು ಅಪ್ರಸ್ತುತವಾಗದು. ಹೆಂಡದ ಮಾರಯ್ಯನ ಕಾಯಕ ಹೆಂಡ ಮಾರುವುದೇ ಆಗಿತ್ತು. ಆದರೂ ಕಲ್ಯಾಣದ ಶರಣಸಮುದಾಯ ಅವನನ್ನು ದೂರವಿಡಲಿಲ್ಲ. ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಆತನು ರಚಿಸಿದ ವಚನಗಳು ಇಂದಿಗೂ ಉಳಿದಿವೆ. ತನ್ನ ವ್ಯಾಪಾರದ ಪಾತ್ರೆಪದಾರ್ಥಗಳನ್ನೇ ರೂಪಕವಾಗಿಸಿ, ಕುಡಿಯಬಂದವರಿಗೆ ಆತ ಬೇರೊಂದು ಅಮಲಿನ ಮಾತನ್ನಾಡಿದನು. ಮದ್ಯವನ್ನು ನಿಷೇಧಿಸಬೇಕು, ಆದರೆ ಮದ್ಯದವನನ್ನು ಹೀಯಾಳಿಸಬಾರದು ಎಂಬ ಈ ಸೂಕ್ಷ್ಮವನ್ನು ನಂತರದ ಸುಧಾರಕರೆಲ್ಲರೂ ಪಾಲಿಸಿದರೆಂದು ಹೇಳಲಾಗದು.

1924ರಲ್ಲಿ ಬೆಳಗಾವಿಯಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ಕರ್ನಾಟಕದ ತರುಣರನ್ನು ಸೆಳೆದ ಮಹಾಘಟನೆ. 1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಬಳಿಕ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದರು. ಆಗಸ್ಟ್ ತಿಂಗಳಿನಲ್ಲಿ ಚಿಕ್ಕಮಗಳೂರಿಗೂ ದಯಮಾಡಿಸಿದರು. ಖಾದಿ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧ, ಈ ಮೂರೂ ಅವರಿಗೆ ರಾಜಕೀಯಕ್ಕಿಂತ ಮೊದಲು ಧರ್ಮದ ಕಾರ್ಯಗಳು. 1888ರಲ್ಲಿ ವಿಲಾಯಿತಿಗೆ ಹೊರಡುವ ಮುನ್ನ ಜೈನ ಯತಿಯೊಬ್ಬರ ಸಮಕ್ಷಮದಲ್ಲಿ ಮದ್ಯವನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟವರಲ್ಲವೇ ಅವರು? ನಿಜಲಿಂಗಪ್ಪನವರು ಡಾಕ್ಟರ್ ನಾ. ಸು. ಹರ್ಡೀಕರರ ಸಂಪರ್ಕಕ್ಕೆ ಬಂದು 1936ರ ಹೊತ್ತಿಗೆ ಕಾಂಗ್ರೆಸ್ ಕಾರ್ಯದಲ್ಲಿ ಪೂರ್ಣವಾಗಿ ತೊಡಗಿದರು.

ಸಂಸ್ಥಾನದಲ್ಲಿ ಅಬ್ಕಾರಿ ವ್ಯವಸ್ಥೆ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯದೆ 1939ರ ಚಳವಳಿಯ ಅರ್ಥವಾಗದು. ಹೆಂಡ ಸಾರಾಯಿ ಮಾರುವ ಹಕ್ಕು ಸರ್ಕಾರದ್ದು. ಆ ಹಕ್ಕನ್ನು ಸರ್ಕಾರ ಹರಾಜಿಗಿಡುತ್ತಿತ್ತು. ಹೆಚ್ಚು ಕೂಗಿದ ಗುತ್ತೇದಾರನಿಗೆ ಅಂಗಡಿ. ಹರಾಜಿನ ಹಣ ಬೊಕ್ಕಸಕ್ಕೆ ಹೋದ ಮೇಲೆ ಗುತ್ತೇದಾರನು ತನ್ನ ಹಣವನ್ನು ಹಿಂದೆ ಪಡೆಯಬೇಕಾದುದು ಕುಡಿಯುವವನಿಂದಲೇ. ಆದಕಾರಣ ಊರಿನಲ್ಲಿ ಕುಡಿತ ಹೆಚ್ಚಿದಷ್ಟೂ ಅವನಿಗೂ ಲಾಭ, ಮುಂದಿನ ಹರಾಜಿನಲ್ಲಿ ಸರ್ಕಾರಕ್ಕೂ ಲಾಭ. ಚಿತ್ರದುರ್ಗದ ಬಯಲುಸೀಮೆಯಲ್ಲಿ ಹಳ್ಳದ ದಂಡೆ, ಕೆರೆಯ ಮಗ್ಗುಲುಗಳಲ್ಲಿ ಸಾಲುಸಾಲಾಗಿ ಬೆಳೆದ ಈಚಲು ಮರಗಳೇ ಈ ವ್ಯಾಪಾರದ ಬೇರು. ಮರ ಸರ್ಕಾರದ್ದು, ಅದನ್ನು ಕಡಿದರೆ ಅರಣ್ಯ ಕಾನೂನಿನ ಉಲ್ಲಂಘನೆ. ಒಂದೇ ಕೊಡಲಿಯ ಏಟಿಗೆ ಕಾನೂನುಭಂಗವೂ ಆಗುತ್ತಿತ್ತು, ಹೆಂಡದ ಮೂಲಕ್ಕೂ ಪೆಟ್ಟು ಬೀಳುತ್ತಿತ್ತು. ಸತ್ಯಾಗ್ರಹಕ್ಕೆ ಇದಕ್ಕಿಂತ ತಕ್ಕ ಗುರಿ ಬೇರೆ ಬೇಕಿರಲಿಲ್ಲ.

1939ರ ಸೆಪ್ಟೆಂಬರಿನಲ್ಲಿ ಮೈಸೂರು ಕಾಂಗ್ರೆಸ್ ಅರಣ್ಯ ಸತ್ಯಾಗ್ರಹವನ್ನು ಆರಂಭಿಸಿದಾಗ ಚಿತ್ರದುರ್ಗದ ಸಮೀಪದ ತುರುವನೂರು ಅದರ ಪ್ರಮುಖ ಕೇಂದ್ರವಾಯಿತು. ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಊರ ಜನ ಈಚಲು ಮರಗಳನ್ನು ಕಡಿದುರುಳಿಸಿದರು. ಈ ಹೋರಾಟದಲ್ಲಿ ಸ್ತ್ರೀಯರೂ ಹಿಂದೆ ಬೀಳಲಿಲ್ಲ. ಅದು ಸಹಜವೇ, ಗಂಡನ ಕುಡಿತದ ಲೆಕ್ಕ ಮೊದಲು ಬೀಳುವುದು ಹೆಂಡತಿಯ ಒಲೆಯ ಮೇಲೆ. 1938ರ ಶಿವಪುರ ಧ್ವಜ ಸತ್ಯಾಗ್ರಹದಲ್ಲಿ ಸೆರೆಯಾದ ಬಳ್ಳಾರಿ ಸಿದ್ದಮ್ಮನವರೂ ಚಿತ್ರದುರ್ಗ ಜಿಲ್ಲೆಯ ಅರಣ್ಯ ಸತ್ಯಾಗ್ರಹದಲ್ಲಿ ಪಾಲ್ಗೊಂಡರು. ನಿಜಲಿಂಗಪ್ಪನವರಿಗೆ ಕಾರಾಗೃಹವಾಸವಾಯಿತು. ಅದಕ್ಕಿಂತ ದೊಡ್ಡ ದಂಡವೆಂದರೆ ವಕೀಲಿ ಸನ್ನದು ರದ್ದಾದುದು. ಸಂಸಾರಸ್ಥನಾದ, ಆಸ್ತಿಯಿಲ್ಲದ ವಕೀಲನಿಗೆ ಸನ್ನದೇ ಹೊಲ, ಸನ್ನದೇ ಮನೆ. ಅದನ್ನು ಕಳೆದುಕೊಂಡರೂ ಅವರು ಹಿಂದೆ ಸರಿಯಲಿಲ್ಲ; 1942ರ ಚಳವಳಿಯಲ್ಲಿ ಮತ್ತೆ ಮುಂದೆ ನಿಂತರು. ತುರುವನೂರಿನಲ್ಲಿ ಗಾಂಧೀಜಿಯವರ ಹೆಸರಿನ ಗುಡಿಯೊಂದು ಇಂದಿಗೂ ಇದೆ.

ಕಡಿದ ಮರಗಳಿಂದ ಹೊಟ್ಟೆ ಹೊರೆಯುತ್ತಿದ್ದ ಈಡಿಗ ಕುಟುಂಬಗಳ ಮಾತನ್ನೂ ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣ. ಮರವೇರಿ ಹೆಂಡ ಇಳಿಸುವವನು ಬಡವ, ಅಂಗಡಿಯ ಮುಂದೆ ಕುಡಿಯುವವನೂ ಬಡವ. ಲಾಭ ಮಾತ್ರ ನಡುವಿನವನಿಗೆ. ಕೊಡಲಿಯ ಏಟು ಮೊದಲು ತಗಲಿದುದು ಮರವೇರುವವನ ಅನ್ನಕ್ಕೆ. ಹೆಂಡದ ಮಾರಯ್ಯನನ್ನು ಸೇರಿಸಿಕೊಂಡ ಧರ್ಮದ ಮಕ್ಕಳು ಅವನ ವೃತ್ತಿಯವರಿಗೆ ಬೇರೊಂದು ಕಾಯಕವನ್ನು ತೋರಿಸುವುದರಲ್ಲಿ ಅಷ್ಟೇ ಶ್ರದ್ಧೆ ವಹಿಸಬೇಕಾಗಿತ್ತು.

ಸ್ವಾತಂತ್ರ್ಯ ಬಂದಿತು. ಸಂವಿಧಾನ ರಚನಾ ಸಭೆಯಲ್ಲಿ ನಿಜಲಿಂಗಪ್ಪನವರಿಗೂ ಆಸನವಿತ್ತು. ಆರೋಗ್ಯಕ್ಕೆ ಹಾನಿಕರವಾದ ಮದ್ಯ ಮತ್ತು ಮಾದಕ ವಸ್ತುಗಳ ನಿಷೇಧಕ್ಕೆ ರಾಜ್ಯವು ಯತ್ನಿಸತಕ್ಕದ್ದೆಂಬ ನಿರ್ದೇಶನವು 1948ರ ನವೆಂಬರಿನಲ್ಲಿ ಆ ಸಭೆಯ ಚರ್ಚೆಗೆ ಬಂದು, ಕೊನೆಗೆ 47ನೆಯ ಅನುಚ್ಛೇದವಾಗಿ ಸಂವಿಧಾನದಲ್ಲಿ ನೆಲೆಸಿತು. ಕುತೂಹಲದ ಸಂಗತಿಯೆಂದರೆ, ಅಂದು ಧರ್ಮದ ಹೆಸರಿನಲ್ಲಿಯೇ ವಿರೋಧವೂ ಬಂದಿತು. ಆದಿವಾಸಿಗಳ ಪ್ರತಿನಿಧಿಯಾಗಿದ್ದ ಜೈಪಾಲ್ ಸಿಂಗರು, ತಮ್ಮ ಜನರ ಪೂಜೆ ಹಬ್ಬಗಳಲ್ಲಿ ಅಕ್ಕಿಯ ಮದ್ಯಕ್ಕೆ ಸ್ಥಾನವಿದೆಯೆಂಬುದನ್ನು ಸಭೆಯ ಗಮನಕ್ಕೆ ತಂದರು. ಒಬ್ಬರ ಧರ್ಮಕ್ಕೆ ಅಶುಚಿಯಾದುದು ಇನ್ನೊಬ್ಬರ ಧರ್ಮಕ್ಕೆ ನೈವೇದ್ಯವಾಗಬಹುದೆಂಬ ಆ ಆಕ್ಷೇಪಕ್ಕೆ ಪಾನನಿರೋಧವಾದಿಗಳು ಸಮಾಧಾನಕರವಾದ ಉತ್ತರವನ್ನು ಕೊಡಲಿಲ್ಲವೆಂದೇ ತೋರುತ್ತದೆ.

ನೆರೆಯ ಮದರಾಸಿನಲ್ಲಿ ರಾಜಾಜಿಯವರು 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಆರಂಭಿಸಿದ್ದರು. ಅಬ್ಕಾರಿ ಹಣದ ನಷ್ಟವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನು ತಂದರು. ಬಿಡುವ ಹಣಕ್ಕೆ ಬದಲು ಹಣ ಯಾವುದೆಂಬುದನ್ನು ಮೊದಲೇ ಯೋಚಿಸಿದವರು ಅವರು. 1948ರಲ್ಲಿ ಮದರಾಸು ಪ್ರಾಂತವೆಲ್ಲವೂ ಪಾನನಿರೋಧಕ್ಕೆ ಒಳಪಟ್ಟಾಗ ದಕ್ಷಿಣ ಕನ್ನಡ, ಬಳ್ಳಾರಿಗಳೂ ಅದರಲ್ಲಿ ಸೇರಿದುವು. ಮೈಸೂರು ಸಂಸ್ಥಾನವು ಅದೇ ವರ್ಷದಿಂದ ಹಂತಹಂತವಾಗಿ, ಜಿಲ್ಲೆಯಿಂದ ಜಿಲ್ಲೆಗೆ ಮುಂದುವರಿಯುವ ಕ್ರಮವನ್ನು ಹಿಡಿಯಿತು.

ಇದರ ಅರ್ಥ ಮಲೆನಾಡಿನವರಿಗೆ ಬೇಗ ಹೊಳೆಯುತ್ತದೆ. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟವನ್ನಿಳಿದರೆ ದಕ್ಷಿಣ ಕನ್ನಡ. ಘಟ್ಟದ ಕೆಳಗೆ ಮದರಾಸಿನ ಕಾನೂನು, ಮೇಲೆ ಮೈಸೂರಿನ ಕಾನೂನು. ಕಾಫಿ ತೋಟಗಳ ಆಳುಗಳಲ್ಲಿ ಅನೇಕರು ಮೇಸ್ತ್ರಿಗಳ ಮೂಲಕ ಘಟ್ಟದ ಕೆಳಗಿನಿಂದಲೇ ಬರುತ್ತಿದ್ದವರು. ಕಳಸ, ಬಾಳೆಹೊನ್ನೂರು, ಮೂಡಿಗೆರೆಗಳ ಕಾಡಿನಲ್ಲಿ ಈಚಲು ಇಲ್ಲದಿದ್ದರೇನು, ಬಗನಿ ಮರವಿದೆ. ಅದರ ಹೆಂಡಕ್ಕೆ ಅಂಗಡಿಯ ಹಂಗಿಲ್ಲ. ಮಳೆಗಾಲದ ಚಳಿ, ಜಿಗಣೆ ಕಚ್ಚುವ ತೋಟದ ಕೆಲಸ, ಒಂದೇ ಕೋಣೆಯ ಲೈನು ಮನೆ. ಬಟವಾಡೆಯ ದಿನ ಕೈಗೆ ಬಂದ ಕೂಲಿ ಸಂತೆಯ ದಾರಿಯಲ್ಲಿಯೇ ಕರಗಿಹೋದರೆ ಮನೆಗೆ ಅಕ್ಕಿಯಿಲ್ಲ, ಮೇಸ್ತ್ರಿಯಲ್ಲಿ ಮತ್ತೆ ಮುಂಗಡ, ಆ ಮುಂಗಡ ತೀರುವವರೆಗೆ ತೋಟ ಬಿಡುವಂತಿಲ್ಲ. ಕುಡಿತವು ಇಲ್ಲಿ ದುಶ್ಚಟ ಮಾತ್ರವಾಗಿರಲಿಲ್ಲ, ಆಳನ್ನು ಕಟ್ಟಿಹಾಕುವ ಹಗ್ಗವೂ ಆಗಿತ್ತು. ಭದ್ರೆಯ ದಡದ ಬಾಳೆಹೊನ್ನೂರು ವೀರಶೈವ ಪಂಚಪೀಠಗಳಲ್ಲೊಂದಾದ ರಂಭಾಪುರಿ ಪೀಠದ ನೆಲೆ. ಆಚಾರದ ಉಪದೇಶವೂ ಬಟವಾಡೆಯ ದಿನದ ಗದ್ದಲವೂ ಈ ಸೀಮೆಯಲ್ಲಿ ಹರಿದಾರಿಗಳ ಅಂತರದಲ್ಲಿಯೇ ಇದ್ದುವು. ಆದರೆ ಉಪದೇಶ ತಲಪುತ್ತಿದ್ದುದು ಹೆಚ್ಚಾಗಿ ಕುಡಿಯದವರ ಮನೆಗಳನ್ನು.

1956ರಲ್ಲಿ ನಿಜಲಿಂಗಪ್ಪನವರು ವಿಶಾಲ ಮೈಸೂರಿನ ಮುಖ್ಯಮಂತ್ರಿಗಳಾದಾಗ ಅವರ ಕೈಗೆ ಬಂದುದು ಒಂದು ರಾಜ್ಯ, ಹಲವು ಕಾನೂನು. ಮುಂಬಯಿಯಿಂದ ಬಂದ ನಾಲ್ಕು ಜಿಲ್ಲೆಗಳಲ್ಲಿ 1949ರ ಮುಂಬಯಿ ಪಾನನಿರೋಧ ಕಾಯಿದೆ. ದಕ್ಷಿಣ ಕನ್ನಡದಲ್ಲಿ ಮದರಾಸಿನದು. ಹಳೆಯ ಮೈಸೂರಿನದು ಬೇರೆ. ಹೈದರಾಬಾದಿನಿಂದ ಬಂದ ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಅಂಗಡಿಗಳು ತೆರೆದೇ ಇದ್ದುವು. ಒಣ ಜಿಲ್ಲೆಯ ಗಡಿ ದಾಟಿದರೆ ಹಸಿ ಜಿಲ್ಲೆ. ಗಡಿಯ ಹಳ್ಳಿಯವನಿಗೆ ಪಾನನಿರೋಧವೆಂದರೆ ಎರಡು ಮೈಲಿ ಹೆಚ್ಚು ನಡಿಗೆ, ಅಷ್ಟೆ. 1958ರಲ್ಲಿ ಅವರು ಅಧಿಕಾರದಿಂದಿಳಿದರು, ಶ್ರೀ ಬಿ. ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. ಇಡೀ ರಾಜ್ಯಕ್ಕೆ ಅನ್ವಯಿಸುವ ಮೈಸೂರು ಪಾನನಿರೋಧ ಕಾಯಿದೆ 1961ರ ಹೆಸರಿನಲ್ಲಿ ರೂಪುಗೊಂಡಿತು. 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದು ಅದೇ ವರ್ಷ ಮತ್ತೆ ಮುಖ್ಯಮಂತ್ರಿಗಳಾದರು. ಶರಾವತಿ ವಿದ್ಯುತ್ತು, ನೀರಾವರಿ, ರಸ್ತೆಗಳು, ಶಾಲೆಗಳು. ಈ ಕಾಲದ ಅವರ ಸಾಧನೆ ಎಲ್ಲರಿಗೂ ತಿಳಿದಿದೆ.

ಈ ಎಲ್ಲ ಕಾರ್ಯಗಳಿಗೂ ಹಣ ಬೇಕು. 1965–66ರಲ್ಲಿ ದೇಶದಾದ್ಯಂತ ಬರ. ಇನ್ನೊಂದು ಕಡೆ ಕಳ್ಳಭಟ್ಟಿಯ ಪಿಡುಗು. ಬೆಲ್ಲ, ಮರದ ತೊಗಟೆ, ನವಸಾಗರ ಸೇರಿಸಿ ಹಿತ್ತಿಲಲ್ಲಿ ಇಳಿಸಿದ ಸಾರಾಯಿ ಅಂಗಡಿಯ ಸಾರಾಯಿಗಿಂತ ವಿಷಕಾರಿ. ಅದನ್ನು ಹಿಡಿಯಬೇಕಾದ ಕೈಗಳಲ್ಲಿ ಕೆಲವು ಅದರಿಂದಲೇ ತುಂಬುತ್ತಿದ್ದುವು. ಯೋಜನಾ ಆಯೋಗವು 1963ರಲ್ಲಿ ನೇಮಿಸಿದ ಟೇಕ್ ಚಂದ್ ಸಮಿತಿಯು ಮರುವರ್ಷ ಒಪ್ಪಿಸಿದ ವರದಿಯಲ್ಲಿ ದೇಶದ ಹಲವೆಡೆಗಳ ಕಳ್ಳಭಟ್ಟಿಯ ವ್ಯಾಪ್ತಿಯನ್ನು ವಿವರಿಸಿತ್ತು. ಆದರೂ ಪಾನನಿರೋಧವನ್ನು ಕೈಬಿಡಬೇಕೆಂಬುದು ಆ ಸಮಿತಿಯ ಅಭಿಪ್ರಾಯವಾಗಿರಲಿಲ್ಲ. ಮೈಸೂರು ಸರ್ಕಾರವು ಬೇರೆ ದಾರಿ ಹಿಡಿಯಿತು. 1965ರ ಮೈಸೂರು ಅಬ್ಕಾರಿ ಕಾಯಿದೆಯನ್ನು 1967ರ ಅಕ್ಟೋಬರ್‌ನಿಂದ ಜಾರಿಗೆ ತಂದು ಪಾನನಿರೋಧಕ್ಕೆ ಮಂಗಳ ಹಾಡಲಾಯಿತು. ಅಕ್ಟೋಬರ್ ಗಾಂಧೀಜಿಯವರ ಜನ್ಮಮಾಸ. ಮೂವತ್ತು ವರ್ಷಗಳ ಹಿಂದೆ ರಾಜಾಜಿಯವರು ಸೇಲಂನಲ್ಲಿ ಅಂಗಡಿಗಳನ್ನು ಮುಚ್ಚಿಸಿದ ತಿಂಗಳೂ ಅದೇ. ಹರಾಜಿನ ಕೂಗು ಮತ್ತೆ ಕೇಳಿಬಂದಿತು. ತುರುವನೂರಿನಲ್ಲಿ ಯಾವ ವ್ಯವಸ್ಥೆಯ ಬೇರನ್ನು ಕಡಿಯಲು ಹೊರಟಿದ್ದರೋ ಅದೇ ವ್ಯವಸ್ಥೆ, ಸ್ವದೇಶೀ ಸರ್ಕಾರದ ಮುದ್ರೆಯೊಡನೆ.

ನಿಜಲಿಂಗಪ್ಪನವರನ್ನು ವಂಚಕರೆಂದು ಕರೆಯುವುದು ಅನ್ಯಾಯ. ಅವರ ವೈಯಕ್ತಿಕ ಬಾಳು ಶುಭ್ರವಾದುದು. ಅಧಿಕಾರದಿಂದ ಅವರು ಸಂಪತ್ತನ್ನು ಗಳಿಸಲಿಲ್ಲ. ಆಡಳಿತದ ಕುರ್ಚಿಯಿಂದ ಕಾಣುವ ನೋಟವು ಸತ್ಯಾಗ್ರಹಿಯ ನೋಟಕ್ಕಿಂತ ಬೇರೆ. ಕಾನೂನು ಪುಸ್ತಕದಲ್ಲಿದ್ದು ಊರಿನಲ್ಲಿಲ್ಲದಿದ್ದರೆ ಆಳುವವನು ಏನು ಮಾಡಬೇಕೆಂಬುದು ಸುಲಭದ ಪ್ರಶ್ನೆಯಲ್ಲ. 1971ರಲ್ಲಿ ತಮಿಳುನಾಡೂ ಪಾನನಿರೋಧವನ್ನು ಸಡಿಲಿಸಿತು. ಆದರೆ ಸದಾಚಾರದ ದೃಷ್ಟಿಯಿಂದ ನೋಡಿದರೆ ಒಂದು ಲೋಪವನ್ನು ಮುಚ್ಚಿಡಲಾಗದು. ಕಳ್ಳಭಟ್ಟಿಯನ್ನು ತಡೆಯಲಾಗದಿರುವುದು ಒಂದು. ತಡೆಯಲಾಗದುದರಿಂದ ವರಮಾನ ಎತ್ತುವುದು ಮತ್ತೊಂದು. ಮೊದಲನೆಯದು ಅಶಕ್ತಿ. ಎರಡನೆಯದರಿಂದ ಸರ್ಕಾರವೇ ಕುಡಿತದಲ್ಲಿ ಪಾಲುದಾರನಾಯಿತು, ವರ್ಷವರ್ಷವೂ ಆ ಪಾಲು ಬೆಳೆಯಿತು. ಕೂಲಿಯವನ ಹಣದಿಂದ ಕಟ್ಟಿದ ಶಾಲೆಗೆ ಆ ಕೂಲಿಯವನ ಮಗನೇ ಹಸಿದು ಬಂದರೆ, ಲೆಕ್ಕದ ಯಾವ ಕಡೆಗೆ ಅದನ್ನು ಬರೆಯಬೇಕು? ರಾಜಾಜಿಯವರಂತೆ ಬದಲು ತೆರಿಗೆಯ ದಾರಿಯನ್ನು ಹುಡುಕುವ ಸಾಮರ್ಥ್ಯ ನಿಜಲಿಂಗಪ್ಪನವರಿಗೆ ಇರಲಿಲ್ಲವೆಂದಲ್ಲ. ಸನ್ನದನ್ನೇ ಪಣವಿಟ್ಟ ಮನುಷ್ಯ ಎರಡನೆಯ ಸಲ ಬೊಕ್ಕಸವನ್ನು ಪಣವಿಡಲಿಲ್ಲ.

1968ರ ಜನವರಿಯಲ್ಲಿ ಹೈದರಾಬಾದಿನ ಅಧಿವೇಶನದಲ್ಲಿ ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮದ್ಯವರ್ಜನೆಯನ್ನು ಕ್ರಿಯಾಶೀಲ ಸದಸ್ಯತ್ವದ ನಿಬಂಧನೆಗಳಲ್ಲಿ ಸೇರಿಸಿಕೊಂಡಿದ್ದ ಪಕ್ಷ ಅದು. ಆ ವರ್ಷದ ಮೇ ತಿಂಗಳಿನಲ್ಲಿ ಮುಖ್ಯಮಂತ್ರಿ ಪದವಿಯನ್ನು ಶ್ರೀ ವೀರೇಂದ್ರ ಪಾಟೀಲರಿಗೆ ಬಿಟ್ಟುಕೊಟ್ಟರು. 1969ರ ಕಾಂಗ್ರೆಸ್ ವಿಭಜನೆ, 1971ರ ಸೋಲು, ಬಳಿಕ ಕ್ರಮೇಣ ರಾಜಕೀಯದಿಂದ ನಿವೃತ್ತಿ. ಅವೆಲ್ಲ ಬೇರೆಯೇ ಒಂದು ಕಥೆ.

ಕಾನೂನು ಬಿಟ್ಟ ಕೆಲಸವನ್ನು ಮಠ ಎತ್ತಿಕೊಂಡುದು ಅವರ ನಿವೃತ್ತಿಯ ಕಾಲದಲ್ಲಿಯೇ. ಇಳಕಲ್ಲಿನ ಶ್ರೀ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರು ಕೇಳಿದ ಭಿಕ್ಷೆ ಕಾಳುಕಡಿಯಲ್ಲ, ಹಣವಲ್ಲ, ಜನರ ದುಶ್ಚಟಗಳು. ಕುಡಿತವನ್ನು ಬಿಡುವೆನೆಂದು ಮಾತು ಕೊಟ್ಟು, ಆ ಚಟವನ್ನು ಜೋಳಿಗೆಗೆ ಹಾಕಿದವರು ಅಸಂಖ್ಯ ಮಂದಿ. ಅಲ್ಲಿ ಪೊಲೀಸರಿಲ್ಲ, ಗಡಿಯಿಲ್ಲ, ಒಣ ಜಿಲ್ಲೆ ಹಸಿ ಜಿಲ್ಲೆಯೆಂಬ ಭೇದವಿಲ್ಲ. ಅವರ ಕೇರಿ ಪ್ರವೇಶವು ಕುಡಿಯುವವರ ಮನೆಯ ಬಾಗಿಲಿಗೇ ಧರ್ಮವನ್ನು ಕೊಂಡೊಯ್ದಿತು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅಬ್ಕಾರಿ ವರಮಾನದ ಗುರಿಯನ್ನು ಗೊತ್ತುಮಾಡುವ ಸರ್ಕಾರವೂ ಅದೇ. ಘಟ್ಟದ ಕೆಳಗೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಮದ್ಯವರ್ಜನ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ.

ನಿಜಲಿಂಗಪ್ಪನವರು ಕೊನೆಯ ವರ್ಷಗಳನ್ನು ಚಿತ್ರದುರ್ಗದ ತಮ್ಮ ಮನೆಯಲ್ಲಿ ಕಳೆದು, 2000ದ ಆಗಸ್ಟ್ 8ರಂದು ತಮ್ಮ ತೊಂಬತ್ತೇಳನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ಊರ ಸಮೀಪದ ಸೀಬಾರದಲ್ಲಿ ಹೆದ್ದಾರಿಯ ಪಕ್ಕದಲ್ಲಿ ಅವರ ಸ್ಮಾರಕವಿದೆ. ಅವರು ಕಣ್ಮರೆಯಾದ ಏಳು ವರ್ಷಗಳ ಬಳಿಕ, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಕಾಫಿ ಸೀಮೆಯ ಸಂತೆಪೇಟೆಗಳಲ್ಲಿ ಪ್ಯಾಕೆಟ್ ಸಾರಾಯಿಯ ಅಂಗಡಿಗಳ ಬಾಗಿಲು ಮುಚ್ಚಿತು. ಬಾಟಲಿಯ ಮದ್ಯದ ಅಂಗಡಿಗಳು ಮುಚ್ಚಲಿಲ್ಲ.